ಅವರೆಕಾಳಿನಷ್ಟು ಜಾಗ ಹುಡುಕಿಕೊಟ್ಟವರಿಗೆ

ಮೊನ್ನೆ ಭಾನುವಾರ ನಮ್ಮ ಮಗ ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದ. 600ಕ್ಕೂ ಜಾಸ್ತಿ ಮೆಟ್ಟಿಲು, ಎಲ್ಲೂ ಕೂರಲಿಲ್ಲ. ನಾನು ಮೂರು ಕಡೆ ಕೂತೆ. ಹೋದ ವರ್ಷ ಇದೇ ಹುಡುಗನ ಕಾಲು ನೀವುತ್ತಾ ನಾವಿಬ್ಬರೂ ಬೆಳಗು ಮಾಡುತ್ತಿದ್ದೆವು. ಅದಕ್ಕೇ ಈ ನಾಲ್ಕು ಸಾಲು.

ಅವನಿಗೆ ಆಗ ಒಂಬತ್ತು ವರ್ಷ. ಹಗಲು ಹೇಗೋ ಆಡಿಕೊಂಡಿರುತ್ತಿದ್ದ, ರಾತ್ರಿ ಎರಡು ಗಂಟೆಯಾದರೆ ಎಡಗಾಲು ಹಿಡಿದುಕೊಂಡು ಅಳು. ಐಬುಪ್ರೊಫೆನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ನಿದ್ದೆ. "ಬೆಳೆಯೋ ನೋವು, ತಾನೇ ಹೋಗುತ್ತೆ" ಅಂದರು ಒಬ್ಬ ಡಾಕ್ಟರು. ಮೊದಲ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಅಜ್ಜಿ ದೃಷ್ಟಿ ತೆಗೆದರು. ಪಾಪ, ಅವರೇನು ಮಾಡಿಯಾರು.

ಎರಡನೇ ಎಕ್ಸ್‌ರೇಗೆ ಆಲೂರಿನಿಂದ ಹಾಸನಕ್ಕೆ ಹೋದೆವು. ಅಲ್ಲಿನ ಟೆಕ್ನಿಷಿಯನ್ ಕೇಳಿದರು: "ಪುಟ್ಟಾ, ನೋವೆಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸು." ಮೂರು ಸಲ ಕೇಳಿದರೂ ಮೊಣಕಾಲ ಕೆಳಗೆ ಅದೇ ಜಾಗ ತೋರಿಸಿದ. ಬೆಳೆಯೋ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದಂತೆ. ಅವರು ಅದನ್ನೆಲ್ಲ ಚೀಟಿಯಲ್ಲಿ ಬರೆದು ರೇಡಿಯಾಲಜಿ ಮೇಡಂಗೆ ಕಳಿಸಿದರು. ಈ ಸಲದ ಫಿಲ್ಮಿನಲ್ಲಿ ಮೂಳೆ ಒಂದು ಕಡೆ ದಪ್ಪಗಿತ್ತು.

ಎಂಆರ್‌ಐಯಲ್ಲಿ ಮೂಳೆಯೊಳಗೆಲ್ಲ ಊತ. ವರದಿ ನೋಡಿದ ಯಾರೋ ಕ್ಯಾನ್ಸರ್ ಇರಬಹುದು ಅಂದುಬಿಟ್ಟರು. ಅವತ್ತು ಆಲೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಾನೂ ನನ್ನ ಹೆಂಡತಿಯೂ ಒಂದು ಮಾತಾಡಲಿಲ್ಲ. ಮಗ ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದ.

ಮಾರನೇ ದಿನ ಮೇಡಂ ತಾವೇ ಫೋನ್ ಮಾಡಿದರು. ಎಂಆರ್‌ಐ ಊತವನ್ನು ಎಷ್ಟು ಜೋರಾಗಿ ತೋರಿಸುತ್ತದೆ ಅಂದರೆ, ನಡುವಿನ ಚಿಕ್ಕ ಗುರುತು ಅದರಲ್ಲಿ ಮುಚ್ಚಿಹೋಗಬಹುದಂತೆ. "ಸಿಟಿ ಸ್ಕ್ಯಾನ್ ಮಾಡೋಣ. ಮಗು ಅಲ್ವಾ, ವಿಕಿರಣ ಕಮ್ಮಿ ಇರಲಿ, ನೋವಿರುವಷ್ಟೇ ಜಾಗ ಸಾಕು" ಅಂದರು. ಸಿಟಿಯಲ್ಲಿ ಸಿಕ್ಕಿತು. ದಪ್ಪನೆಯ ಬಿಳಿ ಮೂಳೆಯೊಳಗೆ ಅವರೆಕಾಳಿನಷ್ಟು ಕಪ್ಪು ಜಾಗ, ಅದರ ನಡುವೆ ಒಂದು ಬಿಳಿ ಚುಕ್ಕೆ. ಆಸ್ಟಿಯಾಯ್ಡ್ ಆಸ್ಟಿಯೋಮ, ಅಂದರೆ ಮೂಳೆಯಲ್ಲಿ ಬೆಳೆಯುವ ಒಂದು ಚಿಕ್ಕ ಗಡ್ಡೆ. ಕ್ಯಾನ್ಸರ್ ಅಲ್ಲ. ನೋವು ತರಿಸುವ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುವನ್ನು ಆ ಕಾಳೇ ಮಾಡುತ್ತಿತ್ತು, ಐಬುಪ್ರೊಫೆನ್ ಅದನ್ನೇ ತಡೆಯುತ್ತಿತ್ತು. ಅಮೆರಿಕದ ಜಾಫೆ ಅನ್ನುವವರು 1935ರಲ್ಲೇ ಇದನ್ನು ವಿವರಿಸಿದ್ದರಂತೆ. ನಮ್ಮ ಕಿವಿಗೆ ಬೀಳೋಕೆ ಇಷ್ಟು ವರ್ಷ ಬೇಕಾಯಿತು!

ಬೆಂಗಳೂರಿನಲ್ಲಿ ಅರಿವಳಿಕೆ ಕೊಟ್ಟು, ಸಿಟಿ ನೋಡಿಕೊಂಡೇ ಸೂಜಿಯನ್ನು ಅಲ್ಲಿಗೆ ಇಳಿಸಿ, ಅದರ ತುದಿಯನ್ನು 90 ಡಿಗ್ರಿಗೆ ಕಾಯಿಸಿ ಸುಟ್ಟರು. ಸುಟ್ಟಿದ್ದು ಆರು ನಿಮಿಷ. ಮಾರನೇ ದಿನ ಮನೆ.

ಬೆಂಗಳೂರಿನಲ್ಲಿ ಉಳಿಸಿಕೊಂಡ ನಾದಿನಿಗೆ, ಆ ವಾರ ನಮ್ಮ ಕಾಫಿ ಕುಯ್ಲು ನೋಡಿಕೊಂಡ ಪಕ್ಕದ ತೋಟದವರಿಗೆ, ತಪ್ಪಿದ ಪಾಠ ಮನೆಗೇ ಬಂದು ಹೇಳಿಕೊಟ್ಟ ಮಿಸ್‌ಗೆ ತುಂಬಾ ಥ್ಯಾಂಕ್ಸ್. ಮೇಡಂಗೆ ಏನು ಹೇಳಲಿ, ಅವತ್ತು ಫೋನಿನಲ್ಲಿ ಸುಮ್ನೆ ಅತ್ತುಬಿಟ್ಟಿದ್ದೆ. ಆ ಟೆಕ್ನಿಷಿಯನ್ ಹೆಸರು ಮಾತ್ರ ಗಡಿಬಿಡಿಯಲ್ಲಿ ಕೇಳಲೇ ಇಲ್ಲ. ಈಗ ಸೊಗಡವರೆ ಬಂದಿದೆ. ಸೋಮವಾರ ಒಂದು ಚೀಲ ತುಂಬಿಕೊಂಡು, ಮಗನನ್ನೂ ಕರೆದುಕೊಂಡು ಎಕ್ಸ್‌ರೇ ರೂಮಿನ ಬಾಗಿಲಿಗೆ ಹೋಗುತ್ತಿದ್ದೇವೆ.