ಕೋವಿ ಕೊಳ್ಳುವವರು ಹೆಸರಿಗಿಂತ ಮೊದಲು ನಳಿಗೆ ನೋಡಲಿ

ಮಾನ್ಯ ಸಂಪಾದಕರೇ,

ಕಾಡುಹಂದಿಗಳ ಹಾವಳಿಯ ಬಗ್ಗೆ ತಮ್ಮ ಪತ್ರಿಕೆಗೆ ಬರೆಯುವ ಬೆಳೆಗಾರರು ಕೋವಿ ಪರವಾನಗಿ ಬೇಗ ಸಿಗಬೇಕೆಂದು ಕೇಳುವುದನ್ನು ಮೇಲಿಂದ ಮೇಲೆ ಓದಿದ್ದೇನೆ. ಆ ಬೇಡಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪರವಾನಗಿ ಕೈಗೆ ಬಂದ ಮೇಲೆ, ನಾಲ್ಕಾರು ಎಕರೆ ಕಾಫಿ ಮತ್ತು ಒಂದಿಷ್ಟು ಗದ್ದೆ ಇರುವ ಸಣ್ಣ ಹಿಡುವಳಿದಾರ ತನ್ನ ಮಿತಿಯ ಹಣದಲ್ಲಿ ಎಂಥ ಕೋವಿ ಕೊಳ್ಳಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಈ ಆಯ್ಕೆ ಸಾಮಾನ್ಯವಾಗಿ ನೆಂಟರ ಮಾತು ಅಥವಾ ಅಂಗಡಿಯವರ ವರ್ಣನೆ ಕೇಳಿ ನಡೆಯುತ್ತದೆ. ಅದರಲ್ಲಿ ಹಣ ಹಾಳಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಕೈ, ಕಣ್ಣುಗಳಿಗೂ ಅಪಾಯವಿದೆ. ಆ ಕಾರಣಕ್ಕೆ ಈ ಪತ್ರ.

ಮೊದಲನೆಯದಾಗಿ ರೈಫಲ್ಲಿನ ಆಸೆಯ ವಿಚಾರ. ಸಾಮಾನ್ಯರಿಗೆ ಪರವಾನಗಿ ಮೇಲೆ ಸಿಗುವ ರೈಫಲ್ಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆಯ .315 ಬೋರಿನದು (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ). ಗಟ್ಟಿಮುಟ್ಟಾದ ಬೋಲ್ಟ್ ಮಾದರಿಯ ಆಯುಧ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಗುಂಡು ತಡೆಯಿಲ್ಲದಿದ್ದರೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಪುಟ್ಟದೆಂದು ಕೆಲವರು ಲಘುವಾಗಿ ಕಾಣುವ .22 ರೈಫಲ್ಲಿನ ಗುಂಡೂ ಒಂದೂವರೆ ಕಿಲೋಮೀಟರಿನಷ್ಟು ದೂರ ಸಾಗುತ್ತದೆ. ನಮ್ಮ ತೋಟಗಳಲ್ಲಿ ಗಿಡಗಳ ಮರೆಯಲ್ಲಿ ಕೆಲಸದವರಿರುತ್ತಾರೆ, ಇಳಿಜಾರಿನ ಕೆಳಗೆ ಲೈನ್ ಮನೆಗಳಿರುತ್ತವೆ, ಬೇಲಿಯಾಚೆ ಮತ್ತೊಬ್ಬರ ತೋಟವಿರುತ್ತದೆ; ಗುಂಡಿನ ಹಿಂದೆ ಮಣ್ಣಿನ ದಿಬ್ಬ ಇದೆಯೋ ಇಲ್ಲವೋ ಎಂದು ಬೆಳಕಿನಲ್ಲೇ ಕಾಣದ ಜಾಗದಲ್ಲಿ ರಾತ್ರಿ ಹೇಗೆ ಕಂಡೀತು? ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ತುಂಬಿದ ಕೋವಿಯ ಪರಿಣಾಮಕಾರಿ ದೂರ ಮೂವತ್ತು ನಲವತ್ತು ಗಜ ಮಾತ್ರ. ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಬಲ ಕಳೆದುಕೊಂಡು ಬೀಳುತ್ತದೆ, ಎಲ್‌ಜಿ, ಎಸ್‌ಜಿಯಂಥ ದಪ್ಪ ಚರೆಗಳು ಮಾತ್ರ ಅದಕ್ಕಿಂತ ದೂರ ಹೋಗುತ್ತವೆ. ಬೆಲೆ, ಪರವಾನಗಿ, ಸುರಕ್ಷತೆ ಈ ಮೂರರ ದೃಷ್ಟಿಯಿಂದಲೂ ನಮ್ಮ ಭಾಗದ ಬೆಳೆಗಾರನಿಗೆ ಸಲ್ಲುವುದು ಹನ್ನೆರಡು ಬೋರಿನ ಕೋವಿಯೇ ಹೊರತು ರೈಫಲ್ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಒಲವೂ ಅತ್ತಲೇ ಇದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮವರು ಕೇಪಿನ ಕೋವಿ ಎನ್ನುವುದನ್ನು. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ (ಒಳಗೆ ರೈಫಲ್ಲಿನಂತೆ ಸುರುಳಿ ಗೀರುಗಳಿಲ್ಲದ, ಹನ್ನೆರಡು ಬೋರಿನಂಥ) ಬೇರೆ ಕೋವಿಗೆ ಅನುಮತಿ ಕೊಡಬಹುದು. ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಕೇಳುವ ನುಣುಪು ನಳಿಗೆಯ ಕೋವಿಯ ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆ ಇರಬಾರದು. ರೈಫಲ್ ಬೇಕಾದರೆ ಅದಕ್ಕೆ ತಕ್ಕ ಕಾರಣವನ್ನು ಅಧಿಕಾರಿಗೆ ಒಪ್ಪಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಪಕ್ಕದ ಕೊಡಗಿನವರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ನೆನೆದು ನಮ್ಮಲ್ಲಿ ಕೆಲವರು ನಿಟ್ಟುಸಿರು ಬಿಡುವುದುಂಟು. ಅದು ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಮಾತ್ರ ಸಂಬಂಧಿಸಿದ್ದು, ಹಾಸನ, ಚಿಕ್ಕಮಗಳೂರಿಗೆ ಅನ್ವಯಿಸುವುದಿಲ್ಲ.

ಕೇಪಿನ ಕೋವಿ ಎಲ್ಲಕ್ಕಿಂತ ಅಗ್ಗ, ನಿಜ. ಆದರೆ ಮಳೆಗಾಲದಲ್ಲಿ ಮದ್ದು ತೇವ ಹಿಡಿಯುತ್ತದೆ, ಒಂದು ಈಡು ಹಾರಿಸಿ ಮತ್ತೊಂದು ತುಂಬುವಷ್ಟರಲ್ಲಿ ಹೊತ್ತಾಗುತ್ತದೆ, ಅಳತೆಯಿಲ್ಲದೆ ಮದ್ದು ಸುರಿಯುವ ಚಪಲದಿಂದ ನಳಿಗೆ ಒಡೆಯುವ ಅಪಾಯವೂ ಇದೆ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ದರೆ ಕರಿಮದ್ದಿನ ಮಸಿ ಕಬ್ಬಿಣವನ್ನು ತಿಂದುಹಾಕುತ್ತದೆ. ಹೀಗಾಗಿ ಸ್ವಲ್ಪ ಹೆಚ್ಚು ಹಣ ಹೊಂದಿಸಬಲ್ಲವರು ತೋಟಾ ಕೋವಿಯನ್ನೇ, ಅಂದರೆ ಸಿದ್ಧ ಕಾಡತೂಸು ಹಾಕುವ ಕೋವಿಯನ್ನೇ, ನೋಡುವುದು ಮೇಲು.

ಅದರಲ್ಲಿ ಒಂಟಿನಳಿಗೆಯೋ ಜೋಡುನಳಿಗೆಯೋ ಪಂಪ್ ಮಾದರಿಯೋ ಎಂಬ ಪ್ರಶ್ನೆ ಬರುತ್ತದೆ. ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಕಾಡತೂಸು ಏರಿಸುವ ಪಂಪ್ ಮಾದರಿಯಲ್ಲಿ ಹೆಚ್ಚು ಕಾಡತೂಸು ಹಿಡಿಯುತ್ತದೆಂಬುದೇ ಅದರ ಆಕರ್ಷಣೆ. ಚಲಿಸುವ ಭಾಗಗಳೂ ಅಷ್ಟೇ ಹೆಚ್ಚು, ಕೆಟ್ಟರೆ ಬಿಡಿಭಾಗಕ್ಕೂ ರಿಪೇರಿಗೂ ಅಲೆಯಬೇಕು. ಒಂಟಿನಳಿಗೆ, ಜೋಡುನಳಿಗೆಗಳಂಥ ಮಡಚಿ ತೆರೆಯುವ ಕೋವಿಯಲ್ಲಿ ಇನ್ನೊಂದು ಗುಣವಿದೆ: ಬೇಲಿ ದಾಟುವಾಗ, ಜೀಪು ಹತ್ತುವಾಗ ಅದನ್ನು ಮಡಚಿಬಿಟ್ಟರೆ ಒಳಗೆ ಕಾಡತೂಸು ಇದೆಯೋ ಇಲ್ಲವೋ ಎಂಬುದು ಜೊತೆಯಲ್ಲಿದ್ದವರ ಕಣ್ಣಿಗೂ ಕಾಣುತ್ತದೆ. ಹಣ ತೀರಾ ಕಡಿಮೆಯಿದ್ದರೆ ಒಳ್ಳೆಯ ಒಂಟಿನಳಿಗೆಯೇ ಸಾಕು. ಸಡಿಲಗೊಂಡ ಜೋಡುನಳಿಗೆಗಿಂತ ಬಿಗಿಯಾದ ಒಂಟಿನಳಿಗೆ ಎಷ್ಟೋ ಪಾಲು ಮೇಲು.

ಹೊಸದನ್ನು ಕೊಳ್ಳುವವರಿಗೆ ಸರ್ಕಾರಿ ಕಾರ್ಖಾನೆಗಳ ಕೋವಿಗಳಿವೆ. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ವಿಸರ್ಜನೆಯಾಗಿ ಏಳು ಕಂಪನಿಗಳಾದ ಮೇಲೆ ಬಂದೂಕುಗಳ ವಿಭಾಗ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಹೋಗಿದೆ. ಬಿಹಾರದ ಮುಂಗೇರ್ ಮತ್ತು ಜಮ್ಮುವಿನಲ್ಲಿ ಪರವಾನಗಿ ಪಡೆದ ಖಾಸಗಿ ತಯಾರಕರೂ ಇದ್ದಾರೆ, ಅವರ ಕೋವಿಗಳು ಅಗ್ಗ. ಅವುಗಳಲ್ಲಿ ಒಳ್ಳೆಯವೂ ಇವೆ, ಒರಟು ಕೆಲಸದವೂ ಇವೆ. ಒಂದನ್ನು ನೋಡಿ ಇನ್ನೊಂದನ್ನು ನಂಬುವಂತಿಲ್ಲವಾದ್ದರಿಂದ ಕೈಗೆ ಬಂದ ಪ್ರತಿಯೊಂದನ್ನೂ ಬಿಡಿಯಾಗಿಯೇ ಪರೀಕ್ಷಿಸಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಹಳೆಯ ವಿದೇಶಿ ಕೋವಿಗಳ ವಿಚಾರದಲ್ಲಿ. 1980ರ ದಶಕದ ನಡುವಿನಿಂದ ಸಾಮಾನ್ಯರು ಹೊರದೇಶದ ಬಂದೂಕು ತರಿಸುವುದು ನಿಂತುಹೋಗಿರುವುದರಿಂದ, ಇಂದು ಮಾರಾಟಕ್ಕೆ ಬರುವ ಇಂಗ್ಲಿಷ್ ಕೋವಿಗಳು ಬಹುಪಾಲು ಬ್ರಿಟಿಷ್ ದೊರೆಗಳ ಕಾಲದ ಎಸ್ಟೇಟುಗಳಿಂದ ಕೈಬದಲಾಯಿಸುತ್ತ ಬಂದವು. ಅವುಗಳ ಬೆಲೆಯಲ್ಲಿ ಅರ್ಧಕ್ಕರ್ಧ ಹೆಸರಿಗೆ ಕೊಡುವ ಹಣ. ಹೆಸರು ದೊಡ್ಡದಿರಬಹುದು, ಆದರೆ ಇವುಗಳಲ್ಲಿ ಅನೇಕದರ ಕಾಡತೂಸು ಕೂರುವ ಕೋಣೆ 65 ಮಿಲಿಮೀಟರಿನದು, ಇಂದಿನ ಸಾಮಾನ್ಯ ಅಳತೆ 70 ಮಿಲಿಮೀಟರು. ಮೋಸ ಇರುವುದು ಇಲ್ಲಿ: ಕಾಡತೂಸಿನ ಅಳತೆಯನ್ನು ಹೇಳುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದದಲ್ಲಿ. ಹೀಗಾಗಿ 70 ಮಿಲಿಮೀಟರಿನ ಹೊಸ ಕಾಡತೂಸು ಚಿಕ್ಕ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಕೊಂಡವನಿಗೆ ಯಾವ ಅನುಮಾನವೂ ಬರುವುದಿಲ್ಲ. ಹಾರಿಸಿದಾಗ ಮಾತ್ರ ಅದರ ಬಾಯಿ ನಳಿಗೆ ಕಿರಿದಾಗುವ ಜಾಗದಲ್ಲಿ ಬಿಚ್ಚಿಕೊಂಡು ಒತ್ತಡ ಏರುತ್ತದೆ. ಒಮ್ಮೆ ಒಡೆಯದಿದ್ದರೂ ಕೋವಿಯ ಕೀಲು ಈಡಿನಿಂದ ಈಡಿಗೆ ಸಡಿಲವಾಗುತ್ತ ಹೋಗುತ್ತದೆ.

ಅದಕ್ಕಾಗಿ ನಳಿಗೆಯ ಅಡಿಭಾಗದ ಗುರುತುಗಳನ್ನು ಓದದೆ ಮುಂಗಡ ಕೊಡಬಾರದು. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸಿನ, ಅಂದರೆ ನಳಿಗೆಯ ಬಲ ಪರೀಕ್ಷಿಸುವ ಸಂಸ್ಥೆಯ, ಮುದ್ರೆಗಳು ಅಲ್ಲಿರುತ್ತವೆ. ಕಿರೀಟದ ಗುರುತಿನೊಂದಿಗೆ ಎನ್‌ಪಿ ಅಕ್ಷರಗಳಿದ್ದರೆ ಇಂದಿನ ಕಾಡತೂಸುಗಳಲ್ಲಿರುವ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ್ದು ಎಂದು ತಿಳಿಯಬಹುದು. ನಳಿಗೆಯ ಮೇಲೆ ಸುರುಳಿ ಸುರುಳಿಯಾದ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದದ್ದು, ಕರಿಮದ್ದಿನ ಕಾಲಕ್ಕೆ ಮಾಡಿದ್ದು. ಗೋಡೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಇಂದಿನ ಕಾಡತೂಸನ್ನು ಅದರೊಳಗೆ ಹಾಕಕೂಡದು.

ಉಳಿದ ಪರೀಕ್ಷೆಗಳಿಗೆ ಯಂತ್ರ ಬೇಕಿಲ್ಲ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಮುಂದಿನ ಮರದ ತುಂಡನ್ನು ಬಿಚ್ಚಿಟ್ಟು, ಮುಚ್ಚಿದ ಕೋವಿಯ ಹಿಡಿಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಕೀಲಿನ ಸಡಿಲ ಕೈಗೇ ತಿಳಿಯುತ್ತದೆ. ನಳಿಗೆಯನ್ನು ಬೇರ್ಪಡಿಸಿ ಬೆಳಕಿನತ್ತ ಹಿಡಿದು ನಿಧಾನವಾಗಿ ತಿರುಗಿಸುತ್ತ ನೋಡಿದರೆ ತುಕ್ಕು ತಿಂದ ಗುಳಿಗಳು ಕಾಣುತ್ತವೆ; ಒಳಗಿನ ನೆರಳಿನ ಉಂಗುರ ಎಲ್ಲಾದರೂ ವಕ್ರವಾದರೆ ಅಲ್ಲಿ ತಗ್ಗೋ ಉಬ್ಬೋ ಇದೆಯೆಂದು ಅರ್ಥ. ತಗ್ಗನ್ನು ಬಲ್ಲವರು ಸರಿಪಡಿಸಬಹುದು, ಉಬ್ಬಿದ ನಳಿಗೆಯನ್ನು ಮಾತ್ರ ಬಿಟ್ಟುಬಿಡಬೇಕು. ಜೋಡುನಳಿಗೆಯನ್ನು ಅದರ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಮೆಲ್ಲಗೆ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ನಡುವಿನ ಬೆಸುಗೆ ಗಟ್ಟಿ, ಮಂಕಾದ ಸದ್ದು ಬಂದರೆ ಎಲ್ಲೋ ಬಿಟ್ಟುಕೊಂಡಿದೆ. ಹಿಡಿಯ ಕತ್ತಿನಲ್ಲಿ ಹೊಸ ಪಾಲಿಶ್ ಮಿಂಚುತ್ತಿದ್ದರೆ ಅದರಡಿ ಬಿರುಕಿದೆಯೇ ಎಂದು ನೋಡುವುದು ಒಳ್ಳೆಯದು. ಡಮ್ಮಿ ಕಾಡತೂಸು ಹಾಕಿ ಎರಡೂ ಟ್ರಿಗರ್ ಪರೀಕ್ಷಿಸಬೇಕು. ಸೇಫ್ಟಿ ಹಾಕಿದಾಗ ಟ್ರಿಗರ್ ಒತ್ತಿದರೂ, ಆಮೇಲೆ ಸೇಫ್ಟಿ ತೆಗೆದಾಗಲೂ ಕೋವಿ ತಾನಾಗಿ ಹಾರಬಾರದು. ಇಷ್ಟನ್ನೂ ಮಾಡಲು ಬಿಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಎದ್ದು ಬರುವುದೇ ಸರಿ.

ಅಗ್ಗದ ಕೋವಿ ಹುಡುಕುವವರು ಮನೆಯ ಅಟ್ಟವನ್ನೂ ಮರೆಯಬಾರದು. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರು ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಆ ಕೋವಿ ಇಪ್ಪತ್ತೈದು ವರ್ಷ ಅವರ ಬಳಿ ಇದ್ದಾಗಲೂ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ತಂದೆ ಜೋಪಾನ ಮಾಡಿದ ಕೋವಿಯ ಚರಿತ್ರೆ ಮನೆಯವರಿಗೆ ಗೊತ್ತಿರುತ್ತದೆ, ಅಂಗಡಿಯ ಕೋವಿಯದು ಗೊತ್ತಿರುವುದಿಲ್ಲ. ಹೊರಗಿನ ಪರವಾನಗಿದಾರರಿಂದ ಕೊಳ್ಳುವುದಾದರೆ ಮಾರುವವರು ಮೊದಲು ಲಿಖಿತ ಮಾಹಿತಿ ಕೊಟ್ಟು ನಲವತ್ತೈದು ದಿನ ಕಾಯಬೇಕೆಂಬ ನಿಯಮವಿದೆ. ಆ ಅವಧಿಯನ್ನು ಪರೀಕ್ಷೆಗೆ ಬಳಸಿಕೊಳ್ಳಬಹುದು.

ಇದ್ದ ಹಣವನ್ನೆಲ್ಲ ಕೋವಿಗೇ ಸುರಿದು, ಅಭ್ಯಾಸಕ್ಕೆ ಕಾಡತೂಸು ಕೊಳ್ಳಲಾಗದೆ ಕೂರುವವರನ್ನು ಕಂಡಿದ್ದೇನೆ. ಕಾಲು ಭಾಗವನ್ನಾದರೂ ಕಾಡತೂಸು, ಎಣ್ಣೆ, ನಳಿಗೆ ಒರೆಸುವ ಕಡ್ಡಿ ಮತ್ತು ಬೀಗದ ಪೆಟ್ಟಿಗೆಗೆ ತೆಗೆದಿಡಬೇಕು. ಗುರಿಯ ಅಭ್ಯಾಸಕ್ಕೆ .177 ಬೋರಿನ, ಇಪ್ಪತ್ತು ಜೂಲ್ ಶಕ್ತಿ ಮೀರದ ಏರ್‌ಗನ್ ಸಾಕು, ಅದಕ್ಕೆ ಪರವಾನಗಿ ಬೇಕಿಲ್ಲ. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಕೋವಿ ಇಟ್ಟು ಮರೆತವರು ದೀಪಾವಳಿಗೆ ತೆಗೆದರೆ ಕೆಂಪು ತುಕ್ಕನ್ನೇ ಕಾಣುತ್ತಾರೆ, ಏಕೆಂದರೆ ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಚುನಾವಣೆಗೆಂದು ಠಾಣೆಯಲ್ಲೋ ಡೀಲರ್ ಬಳಿಯೋ ಠೇವಣಿ ಇಡುವ ಮುನ್ನವೂ ನಳಿಗೆಯ ಒಳಗೆ ಹೊರಗೆ ಎಣ್ಣೆ ಸವರಿ ಕೊಡುವುದು ಕ್ಷೇಮ.

ಕೋವಿಯ ಪರವಾನಗಿ ಬೇಟೆಯ ಅನುಮತಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾಡುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿದೆ, ಅಧಿಕಾರಿಯ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಆನೆಗೆ ಚರೆ ಹೊಡೆಯುವುದು ಅಪರಾಧವಷ್ಟೇ ಅಲ್ಲ, ಗಾಯಗೊಂಡು ಕೆರಳಿದ ಆನೆಯನ್ನು ಪಕ್ಕದ ತೋಟದವರ ಮೇಲೆ ಬಿಟ್ಟಂತೆ. ಆಲೂರು, ಸಕಲೇಶಪುರ, ಬೇಲೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಭದ್ರಾ ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿಯೂ ಬೇಕು. ಕೋವಿಗೆ ಮುಂಗಡ ಕೊಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳದಿದ್ದರೆ ಹಣ ಅಂಗಡಿಯಲ್ಲಿ, ಅರ್ಜಿ ಕಚೇರಿಯಲ್ಲಿ ಎಂಬಂತಾಗುತ್ತದೆ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಆಡಳಿತದಲ್ಲಿ ನನ್ನ ಕೋರಿಕೆ ಇಷ್ಟೇ. ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುವ ನಿಯಮ ಈಗಾಗಲೇ ಇದೆ, ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿಯನ್ನೂ ನಡೆಸುತ್ತದೆ. ಅದೇ ಶಿಬಿರದಲ್ಲಿ ಅರ್ಧ ದಿನವನ್ನು ಕೋವಿ ಪರೀಕ್ಷಿಸುವ ವಿಧಾನಕ್ಕೆ ಮೀಸಲಿಡಲಿ. ಸೆಕೆಂಡ್ ಹ್ಯಾಂಡ್ ಕೋವಿಯನ್ನು ಪರವಾನಗಿಯಲ್ಲಿ ನಮೂದಿಸುವ ಮೊದಲು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ (ಆಯುಧ ದುರಸ್ತಿ ಬಲ್ಲ ಸಿಬ್ಬಂದಿ) ಒಮ್ಮೆ ನೋಡಿ, ನಳಿಗೆಯ ಸ್ಥಿತಿ ಮತ್ತು ಕೋಣೆಯ ಅಳತೆಯನ್ನು ಬರೆದು ಸಹಿ ಮಾಡಿಕೊಡಲಿ. ಅದಕ್ಕೆ ಶುಲ್ಕ ವಿಧಿಸಿದರೂ ಬೆಳೆಗಾರರು ಬೇಡವೆನ್ನಲಾರರು.

ಇತಿ,
ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ