ಗ್ರಂಥಿಗಳಿಗೂ ಕಚೇರಿ ವೇಳೆಯೇ?

ಮಾನ್ಯ ಸಂಪಾದಕರೇ,

ಹಾರ್ಮೋನ್ ತಪಾಸಣಾ ವಿಭಾಗದ ಉದ್ಘಾಟನೆಯನ್ನು ಟೇಪು ಕತ್ತರಿಸುವ ಚಿತ್ರದೊಂದಿಗೆ ಪ್ರಕಟಿಸಿದ್ದೀರಿ. ಅಲ್ಲಿನ ವೈಭವವನ್ನು ನಿನ್ನೆ ಕಣ್ಣಾರೆ ಕಂಡು ಬಂದೆ.

ನಮ್ಮ ತಾಯಿ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ದೇಹದ ಕಾರ್ಟಿಸಾಲ್ ಹಾರ್ಮೋನಿನ ಕೆಲಸ ಮಾಡುವ ಈ ಮದ್ದು ಹಾಗೆ ಹೊರಗಿನಿಂದಲೇ ಪೂರೈಕೆಯಾಗುತ್ತಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ. ಅದರ ಅಪ್ಪಣೆಯಿಲ್ಲದೆ, ಕಾರ್ಟಿಸಾಲ್ ಸ್ರವಿಸುವ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಮಲಗಿಬಿಡುತ್ತವೆ. ಅವು ಎಚ್ಚೆತ್ತಿವೆಯೋ ಇಲ್ಲವೋ ತಿಳಿಯದೆ ಮಾತ್ರೆ ನಿಲ್ಲಿಸಿದರೆ, ಮುಂದೆ ಜ್ವರ ಬಂದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಅದಕ್ಕೇ ವೈದ್ಯರು ಕಾರ್ಟಿಸಾಲ್ ಪರೀಕ್ಷೆ ಬರೆದು, ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಡಿ, ಅಲ್ಲಿಯವರೆಗೆ ಮಾತ್ರೆ ಬೇಡ ಎಂದಿದ್ದರು. ನಾವು ಹೊತ್ತಿಗೆ ಮುಂಚೆಯೇ ಹೋದೆವು. ಬಾಗಿಲಿಗೆ ಬೀಗ. ಕೂರಲು ಬೆಂಚಿಲ್ಲ, ಫ್ಯಾನ್ ತಿರುಗುವುದಿಲ್ಲ. ಮಾತ್ರೆಯಿಲ್ಲದೆ ತಾಯಿಗೆ ತಲೆ ಸುತ್ತು. ರಕ್ತ ತೆಗೆಯುವವರು ದಯಮಾಡಿಸಿದ್ದು ಮಧ್ಯಾಹ್ನ. ‘ಯಾವಾಗ ತೆಗೆದರೂ ರಕ್ತ ರಕ್ತವೇ’ ಎಂಬ ಉಪದೇಶ ಬೇರೆ!

ಕಾರ್ಟಿಸಾಲ್ ಬೆಳಗಿನ ಜಾವ ಏರಿ, ಸಂಜೆಯ ಹೊತ್ತಿಗೆ ಇಳಿದು, ನಡುರಾತ್ರಿಯ ಆಸುಪಾಸಿನಲ್ಲಿ ತಳ ಮುಟ್ಟುತ್ತದೆ. ಮಧ್ಯಾಹ್ನದ ರಕ್ತದಲ್ಲಿ ಕಡಿಮೆ ಕಂಡರೆ ಗ್ರಂಥಿ ಮಲಗಿದೆ ಎನ್ನಬೇಕೋ, ಹೊತ್ತು ಮೀರಿದೆ ಎನ್ನಬೇಕೋ? ವೈದ್ಯರು ವರದಿ ಪಕ್ಕಕ್ಕಿಟ್ಟು, ಮತ್ತೆ ಮಾಡಿಸಿ ಎಂದರು. ಇಷ್ಟರ ಮೇಲೆ ಅಧಿಕಾರಿಗಳಿಗೆ ಉಳಿದಿರುವುದು ಒಂದೇ ದಾರಿ: ಇನ್ನು ಮುಂದೆ ಕಚೇರಿ ವೇಳೆಯಲ್ಲಿ ಮಾತ್ರ ಹಾರ್ಮೋನ್ ಸ್ರವಿಸತಕ್ಕದ್ದು ಎಂದು ಪಿಟ್ಯುಟರಿಗೇ ಅಪ್ಪಣೆ ಕೊಡುವ ಮಿದುಳಿನ ಹೈಪೋಥಲಾಮಸ್‌ಗೆ ಸುತ್ತೋಲೆ ಹೊರಡಿಸುವುದು.

ಇದು ಇವತ್ತಿನ ಕಥೆಯಲ್ಲ. ಹಿಂದೆ ನನ್ನ ತಂಗಿಯ ವರದಿಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಏರಿದ್ದನ್ನು ನೋಡಿ, ‘ಥೈರಾಯ್ಡ್ ಜಾಸ್ತಿಯಾಗಿದೆ, ಮಾತ್ರೆ ಅರ್ಧ ಮಾಡಿ’ ಎಂದು ಕೌಂಟರಿನಲ್ಲೇ ತೀರ್ಪಿತ್ತ ಮಹಾಶಯರಿದ್ದರು. ಥೈರಾಯ್ಡ್ ಸೋತಾಗಲೇ ಅಲ್ಲವೇ ಪಿಟ್ಯುಟರಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಹೆಚ್ಚಿಸುವುದು! 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕಾದ ಇನ್ಸುಲಿನ್ನನ್ನು ಫ್ರೀಜರಿಗೆ ತುರುಕಿ ಹೆಪ್ಪುಗಟ್ಟಿಸಿದ್ದೂ ಇದೇ ಮಂದಿ. ಫ್ರಿಜ್ಜಿನ ಕೆಳಗಿನ ಭಾಗ ಸಾಹೇಬರ ನೀರಿನ ಬಾಟಲಿಗಳಿಗೆ ಮೀಸಲಾಗಿತ್ತಂತೆ. ದೂರು ಕೊಟ್ಟೆ, ಸ್ವೀಕೃತಿ ಚೀಟಿ ಸಿಕ್ಕಿತು, ಅಷ್ಟೇ.

ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲಿ. ಬೆಳಿಗ್ಗೆ ರಕ್ತ ತೆಗೆಯಲು ಜನರನ್ನು ನೇಮಿಸಲಿ, ಇಲ್ಲವೇ ಆ ವಿಭಾಗವನ್ನೇ ಮುಚ್ಚಲಿ. ಟೇಪು ಕತ್ತರಿಸುವಾಗ ಮಾತ್ರ ಸಮಯಕ್ಕೆ ಸರಿಯಾಗಿ ಬರುವ ಇವರಿಗೆ ನಾಚಿಕೆಯಾದರೂ ಬೇಡವೇ?

– ನೊಂದ ಓದುಗ