ಕ್ರಿಂಪಿಂಗ್ ಟೂಲ್ ಯಾರ ಕೈಲಿದೆ ಪುಟ್ಟಿ?

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಹೇಳಿದ್ದು ತಲೇಲೇ ಕೊರೀತಾ ಇದೆ, ಅದಕ್ಕೆ ಬರೀತಿದೀನಿ. ಫೋನಲ್ಲೇ ಹೇಳಾಣ ಅಂದ್ರೆ ನಾನು ಎರಡು ಮಾತಾಡೋದ್ರೊಳಗೆ ಅಮ್ಮ ಫೋನ್ ಕಿತ್ಕೊಂಡು ಊಟ ಆಯ್ತಾ, ತಲೆಗೆ ಎಣ್ಣೆ ಹಚ್ಕೊಂಡ್ಯಾ ಅಂತ ಶುರು ಮಾಡ್ತಾಳೆ, ಅಷ್ಟೊತ್ತಿಗೆ ಕರೆಂಟ್ ಹೋಗಿ ಟವರ್ರೂ ಹೋಗಿರತ್ತೆ. ನೀನು ಹೇಳಿದ್ದು ಇಷ್ಟೇ. ನೆಟ್‌ವರ್ಕಿಂಗ್ ಲ್ಯಾಬಲ್ಲಿ ನಾಲ್ಕು ಜನದ ಬ್ಯಾಚು, ಕೇಬಲ್ ಕಟ್ ಮಾಡೋದು, ತುದಿಗೆ ಕನೆಕ್ಟರ್ ಒತ್ತಿ ಕ್ರಿಂಪ್ ಮಾಡೋದು, ಕಂಪ್ಯೂಟರ್ ಜೋಡಿಸೋ ಆ ಸ್ವಿಚ್ ಡಬ್ಬ ಕಾನ್ಫಿಗರ್ ಮಾಡೋದೆಲ್ಲ ಹುಡುಗ್ರು, ರೆಕಾರ್ಡ್ ಬರೆಯೋದು ನೀನು, ಯಾಕಂದ್ರೆ "ನಿನ್ನ ಅಕ್ಷರ ಚೆನ್ನಾಗಿದೆ". ನೀನು ನಗ್ತಾ ಹೇಳ್ದೆ. ನಂಗೆ ನಗು ಬರ್ಲಿಲ್ಲ ಮಾರಾಯ್ತಿ.

ನಾನು ಟೆಲಿಫೋನ್ ಇಲಾಖೇಲಿ ಇದನ್ನ ನೋಡಿದೀನಿ. ಸೇರಿದ ಹೊಸದ್ರಲ್ಲಿ ಯಾರ ಬರವಣಿಗೆ ಚೆನ್ನಾಗಿತ್ತೋ ಅವ್ರನ್ನ ಫಾಲ್ಟ್ ಡಾಕೆಟ್, ಅಂದ್ರೆ ಕೆಟ್ಟ ಲೈನಿನ ದೂರು ಚೀಟಿ, ಬರೆಯೋಕೆ ಕೂರಿಸ್ತಿದ್ರು, ಫ್ಯಾನ್ ಕೆಳಗೆ ಆರಾಮಾಗಿ, ಅವ್ರು ಹಂಗೇ ಬರೀತಾ ಬರೀತಾ ರಿಟೈರ್ ಆದ್ರು, ಕಂಬ ಹತ್ತಿ ಫಾಲ್ಟ್ ಹುಡುಕೋದು ಕೊನೆಗೂ ಬರ್ಲಿಲ್ಲ. ಬರೆಯೋದು ಸಣ್ಣ ಕೆಲಸ ಅಂತ ನಾನು ಹೇಳ್ತಿಲ್ಲ ಮತ್ತೆ. ನೀನು ಓದ್ತಿರೋ ಸೈಬರ್ ಸೆಕ್ಯುರಿಟಿ ಲೈನಲ್ಲಿ ರಿಪೋರ್ಟ್ ನೆಟ್ಟಗೆ ಬರೆಯೋಕೆ ಬರದವ್ರು ಏನ್ ಕಂಡುಹಿಡಿದ್ರೂ ಯಾರಿಗೂ ಅರ್ಥ ಆಗಲ್ಲ. ಆದ್ರೆ ಸರದಿ ಮೇಲೆ ಬರೀರಿ. ಈ ವಾರ ನೀನು, ಮುಂದಿನ ವಾರ ಅವ್ನು, ಅವನ ಅಕ್ಷರ ಕಾಗೆ ಕಾಲಿನ ಹಂಗಿದ್ರೂ ಪರ್ವಾಗಿಲ್ಲ, ಮಾರ್ಕ್ಸ್ ಎರಡು ಹೋದ್ರೆ ಹೋಗ್ಲಿ.

ಕಳೆದ ಸಲ ನೀನು ಬಿಟ್ಟು ಹೋದ ಕ್ಯಾಟ್ ಸಿಕ್ಸ್ ಕೇಬಲ್ ತುಂಡು ನನ್ನ ಹತ್ರಾನೇ ಇದೆ. ಸಿಪ್ಪೆ ಸುಲಿದು ನೋಡಿದೆ. ನೀಲಿ, ಕೇಸರಿ, ಹಸಿರು, ಕಂದು, ಒಂದೊಂದಕ್ಕೂ ಜೋಡಿಯಾಗಿ ಒಂದು ಬಿಳಿ. ಅಯ್ಯೋ ಇದು ನಾವು ನೆಲದೊಳಗೆ ಹಾಕ್ತಿದ್ದ ಟೆಲಿಫೋನ್ ಜೆಲ್ಲಿ ಕೇಬಲ್ ಬಣ್ಣಾನೇ ಕಣೇ! ನಮ್ದ್ರಲ್ಲಿ ಐದನೇದು ಬೂದು ಇರ್ತಿತ್ತು, ಆಮೇಲೆ ಬಿಳಿ ಜಾಗಕ್ಕೆ ಕೆಂಪು ಬಂದು ಮತ್ತೆ ನೀಲಿಯಿಂದ ಶುರು. ಮಾಸ್ತಿಕಟ್ಟೆ, ಹುಲಿಕಲ್ ಕಡೆ ಆಷಾಢದ ಮಳೇಲಿ ಗುಂಡಿ ತೆಗ್ದು, ಒಬ್ಬ ಮೇಲೆ ಟಾರ್ಪಾಲ್ ಹಿಡ್ಕೊಂಡು, ಬೆರಳಿಗೆಲ್ಲ ಆ ಜೆಲ್ಲಿ ಮೆತ್ಕೊಂಡು ಬ್ಯಾಟರಿ ಬೆಳಕಲ್ಲಿ ಬಣ್ಣ ನೋಡಿ ಒಂದೊಂದೇ ಜೋಡಿ ಸೇರಿಸ್ತಿದ್ವಿ, ಕಾಲಲ್ಲಿ ಉಂಬಳ ರಕ್ತ ಹೀರ್ತಿದ್ರೂ ಕೈ ಬಿಡೋ ಹಂಗಿಲ್ಲ, ಬಿಟ್ರೆ ಲೆಕ್ಕ ತಪ್ಪತ್ತೆ.

ಅದಕ್ಕೇ ಹೇಳೋದು. ಕನೆಕ್ಟರಲ್ಲಿ ವೈರು ಕೂರಿಸೋ 568ಬಿ ಕ್ರಮ ನಿಂಗೆ ಬಾಯಿಪಾಠ ಬರತ್ತೆ, ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ ಅಂತ ಗಡಗಡ ಹೇಳ್ತೀಯ. ಆದ್ರೆ ಮೂರನೇದು ಬಿಳಿ-ಹಸಿರು ಆದ್ಮೇಲೆ ನಾಲ್ಕನೇದಕ್ಕೆ ಹಸಿರೇ ಹಾಕ್ಬಿಡೋದು ಎಲ್ಲರ ಕೈಯ ಸ್ವಭಾವ, ಜೋಡಿ ಅಲ್ವಾ, ಪಕ್ಕಪಕ್ಕ ಇರ್ಲಿ ಅನ್ಸತ್ತೆ. ಎರಡೂ ತುದಿಗೆ ಹಂಗೇ ಹಾಕಿದ್ರೆ ಆ ಅಗ್ಗದ ಟೆಸ್ಟರಲ್ಲಿ ಎಂಟೂ ಲೈಟ್ ಸಾಲಾಗಿ ಉರಿಯತ್ತೆ, ಪಾಸ್! ಆದ್ರೆ ಒಂದೇ ಜೋಡಿ ಆಗಿರ್ಬೇಕಾದ 3 ಮತ್ತು 6ನೇ ಪಿನ್ ಬೇರೆಬೇರೆ ಜೋಡಿಗೆ ಸೇರಿರತ್ತೆ, ಒಂದರ ಸಿಗ್ನಲ್ ಇನ್ನೊಂದಕ್ಕೆ ಹರಿದು ಸ್ಪೀಡೇ ಬರಲ್ಲ, ನೀವೆಲ್ಲ ಸಾಫ್ಟ್‌ವೇರಲ್ಲಿ ದಿನಗಟ್ಟಲೆ ಹುಡುಕ್ತಾ ಕೂರ್ತೀರ. ಕನೆಕ್ಟರ್ ಹತ್ರ ಹುರಿ ಬಿಚ್ಚೋದೂ ಅಷ್ಟೇ, ಅರ್ಧ ಇಂಚು, ಅಂದ್ರೆ 13 ಮಿಲಿಮೀಟರ್ ದಾಟಬಾರ್ದು. ಇವನ್ನೆಲ್ಲ ರೆಕಾರ್ಡ್ ಬರೆದು ಕಲಿಯೋಕಾಗಲ್ಲ, ಒಂದಷ್ಟು ಕನೆಕ್ಟರ್ ಕೆಡಿಸ್ಬೇಕು, ಕೆಡಿಸೋ ಅವಕಾಶಾನೂ ಹುಡುಗ್ರೇ ತಗೊಂಡ್ರೆ ನಿಂಗೆ ಏನು ಉಳೀತು?

ನಿನ್ನ ಸಿಲೆಬಸ್ಸಲ್ಲಿ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಇದೆಯಲ್ಲ, ಅದನ್ನ 1985ರಲ್ಲಿ ಡಿಇಸಿ ಕಂಪನೀಲಿ ಕೂತು ಮಾಡಿದ್ದು ರೇಡಿಯಾ ಪರ್ಲ್‌ಮನ್ ಅನ್ನೋ ಹೆಂಗಸು. ಎರಡು ಸ್ವಿಚ್ ಮಧ್ಯ ಎರಡು ಕೇಬಲ್ ಎಳೆದ್ರೆ ಎಲ್ಲರಿಗೂ ಅಂತ ಕಳಿಸೋ ಬ್ರಾಡ್‌ಕಾಸ್ಟ್ ಫ್ರೇಮು ಸುತ್ತುತ್ತಾ ಸುತ್ತುತ್ತಾ ಇಡೀ ನೆಟ್‌ವರ್ಕೇ ಕೂತ್ಬಿಡತ್ತೆ, ಅದನ್ನ ಸಾಯಿಸೋಕೆ ಐಪಿಲಿ ಇರೋ ಹಂಗೆ, ಇಷ್ಟು ಸಲ ದಾಟಿದ್ಮೇಲೆ ಸಾಯ್ಲಿ ಅನ್ನೋ ಟಿಟಿಎಲ್ ಲೆಕ್ಕ ಕೂಡ ಈಥರ್ನೆಟ್ಟಲ್ಲಿ ಇಲ್ಲ. ಒಂದು ದಾರಿ ತಾನಾಗೇ ಮುಚ್ಕೊಂಡಿರ್ಲಿ, ಇನ್ನೊಂದು ಕೆಟ್ರೆ ಆವಾಗ ತೆಗೀಲಿ, ಇಷ್ಟೇ ಐಡಿಯಾ. ಈ ಕಥೆ ನಿಮ್ಮ ಬ್ಯಾಚಿನ ಹುಡುಗ್ರಿಗೂ ಹೇಳು, ಜಗಳಕ್ಕಲ್ಲ, ಸುಮ್ನೆ ಗೊತ್ತಿರ್ಲಿ.

ಇನ್ನು ನಿನ್ನ ದೊಡ್ಡಪ್ಪನ ವಿಷಯ. ಎಸ್‌ಒಸಿ, ಅದೇ ಹಗಲು ರಾತ್ರಿ ನೆಟ್‌ವರ್ಕ್ ಕಾಯೋ ಸೆಕ್ಯುರಿಟಿ ಕೇಂದ್ರದ ಕೆಲಸ ಅಂದ್ರೆ ನೈಟ್ ಶಿಫ್ಟು, ಹೆಣ್ಣುಮಕ್ಕಳಿಗೆ ಯಾಕೆ ಬೇಕು, ಟೆಸ್ಟಿಂಗ್ ಕಡೆ ಹಾಕ್ಬಿಡು ಅಂತ ಮದುವೆಮನೇಲಿ ಎಲ್ಲರ ಎದುರಿಗೆ ಅಂದ್ರಲ್ಲ. ನಿನ್ನ ಸೋದರತ್ತೆ ಮೆಗ್ಗಾನ್ ಆಸ್ಪತ್ರೇಲಿ ಅಷ್ಟು ವರ್ಷ ನೈಟ್ ಡ್ಯೂಟಿ ಮಾಡಿದ್ಲು, ಅವಾಗ ಇವ್ರ ಬಾಯಿಂದ ಒಂದು ಮಾತು ಬರ್ಲಿಲ್ಲ. ರಾತ್ರಿ ಪಾಳಿ ಹೆಂಗಸ್ರಿಗೆ ಓಡಾಡೋಕೆ ಗಾಡಿ ಕೊಡ್ಬೇಕು ಅಂತ ನಿಯಮಾನೇ ಇದೆ, ಕೊಡದ ಕಡೆ ಸೇರ್ಬೇಡ, ಮುಗೀತು. ಕಳ್ಳ ರಜೆ ನೋಡ್ಕೊಂಡೇ ಬರೋದು ಪುಟ್ಟಿ. 2016ರ ಫೆಬ್ರವರಿ 4, ಗುರುವಾರ ರಾತ್ರಿ ನಮ್ಮ ರಿಸರ್ವ್ ಬ್ಯಾಂಕ್ ಥರದ ಬಾಂಗ್ಲಾದೇಶ್ ಬ್ಯಾಂಕಿನ ಕಂಪ್ಯೂಟರಿಂದ ದುಡ್ಡು ಎಗರಿಸಿದ್ದು ಯಾಕೆ ಅಂತೀಯ, ಅಲ್ಲಿ ಶುಕ್ರವಾರ ಶನಿವಾರ ವಾರದ ರಜೆ, ದುಡ್ಡು ಹೋಗಿದ್ದು ಫಿಲಿಪೈನ್ಸಿಗೆ, ಅಲ್ಲಿ ಸೋಮವಾರ ಚೀನೀ ಹೊಸವರ್ಷದ ರಜೆ. 8 ಕೋಟಿ 10 ಲಕ್ಷ ಡಾಲರ್ ಹೋಯ್ತು. ನಂಗೆ ಅದ್ರಲ್ಲಿ ತಲೆ ಕೆಟ್ಟಿದ್ದು ಯಾವುದಕ್ಕೆ ಗೊತ್ತಾ, ಬಾಂಗ್ಲಾದೇಶದ ತನಿಖೆ ಪೊಲೀಸ್ರು ಹೇಳಿದ ಪ್ರಕಾರ ಆ ಬ್ಯಾಂಕಲ್ಲಿ ಹೊರಗಿನವ್ರನ್ನ ತಡೆಯೋ ಫೈರ್‌ವಾಲೇ ಇರ್ಲಿಲ್ವಂತೆ, ಹಾಕಿದ್ದು ಹತ್ತು ಡಾಲರಿನ ಸೆಕೆಂಡ್ ಹ್ಯಾಂಡ್ ಸ್ವಿಚ್ಚು! ದೇಶದ ಖಜಾನೆಗೆ! ಅದಕ್ಕೇ "ನಾನು ಸೆಕ್ಯುರಿಟಿ ಮಾತ್ರ ಓದ್ತೀನಿ, ನೆಟ್‌ವರ್ಕಿಂಗ್ ಬೋರು" ಅಂತ ನೀನು ಅಂದಾಗ ನಾನು ಬೈದಿದ್ದು. ಯಾವ ಡಬ್ಬದಿಂದ ಯಾವ ವೈರು ಎಲ್ಲಿಗೆ ಹೋಗತ್ತೆ ಅಂತ ಗೊತ್ತಿಲ್ಲದವ್ರು ಏನು ಕಾಯ್ತಾರೆ.

ಮತ್ತೊಂದು, ಇದು ಸ್ವಲ್ಪ ಗಂಭೀರ. ನಿನ್ನ ಅತ್ತೆ ಮಗ ನಿನ್ನ ಕೇಳಿದ್ನಂತೆ, ಅವನಿಗೆ ನೋಡಿರೋ ಹುಡುಗಿಯ ಇನ್‌ಸ್ಟಾಗ್ರಾಂ ಒಳಗೆ ಹೋಗಿ ನೋಡಿ ಹೇಳು, ನೀನು ಹ್ಯಾಕಿಂಗ್ ಓದ್ತಿದೀಯಲ್ಲ ಅಂತ. ನೀನು ಆಗಲ್ಲ ಅಂದಿದ್ದು ಸರಿ. ನಾಳೆ ಇನ್ನೊಬ್ರು ಕೇಳ್ತಾರೆ, ನೆಂಟರು ಕೇಳ್ತಾರೆ, ದುಡ್ಡು ಕೊಡ್ತೀನಿ ಅಂತಾರೆ. ಐಟಿ ಆಕ್ಟ್ 66ನೇ ಸೆಕ್ಷನ್ ಪ್ರಕಾರ 3 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಎರಡೂ ಬೇಕಾದ್ರೂ ಆಗಬಹುದು, ಇದು ನಿಂಗೆ ಕ್ಲಾಸಲ್ಲೇ ಹೇಳಿರ್ತಾರೆ. ನಾನು ಹೇಳೋದು ಬೇರೆ.

ನಮ್ಮ ಹತ್ರ ಒಂದು ಟೆಸ್ಟ್ ಫೋನ್ ಇರ್ತಿತ್ತು, ಎರಡು ಕ್ಲಿಪ್ಪು. ರಸ್ತೆ ಬದಿ ಎಲ್ಲರ ಲೈನು ಸೇರೋ ಪಿಲ್ಲರ್ ಪೆಟ್ಟಿಗೆ ಬಾಗ್ಲು ತೆಗೆದು ಯಾರ ಜೋಡಿಗೆ ಹಾಕಿದ್ರೂ ಅವ್ರ ಮಾತು ಕಿವಿಗೆ ಬೀಳೋದು. ಊರಿನ ಸಾಹುಕಾರ್ರು, ಡಾಕ್ಟ್ರು, ಪೊಲೀಸ್ರು, ಯಾರ ಮನೇದು ಬೇಕಾದ್ರೂ. ಕೆಲಸ ಇರೋದು ಲೈನ್ ಬಿಜಿ ಇದ್ಯಾ ನೋಡೋದು ಅಷ್ಟೇ, ಮಾತು ಕೇಳ್ತಿದ್ದ ಹಂಗೇ ಕ್ಲಿಪ್ ತೆಗೀಬೇಕು. ತೆಗೀದೆ ನಿಂತು ಕೇಳೋರೂ ಇದ್ರು. ಟೀ ಅಂಗಡೀಲಿ ಯಾರ ಮಗಳಿಗೆ ಯಾವ ಕಡೆ ಮಾತುಕತೆ ನಡೀತಿದೆ ಅಂತ ಮೊದ್ಲು ಗೊತ್ತಾಗ್ತಿದ್ದುದು ಅಂಥವ್ರಿಂದ್ಲೇ. ಅಂಥವ್ರನ್ನ ಯಾರೂ ಮನೆ ಒಳಗೆ ಕರೀತಿರ್ಲಿಲ್ಲ, ಬಾಗ್ಲಲ್ಲೇ ನಿಲ್ಲಿಸಿ ಫೋನ್ ಹೊರಗೆ ತಂದು ಕೊಡ್ತಿದ್ರು. ನಾನು ಹೋದ್ರೆ ಜಗಲೀಲಿ ಕೂರಿಸಿ ಕಾಫಿ ಕೊಟ್ಟು, ಬೀಗದ ಕೈ ಇಲ್ಲಿದೆ, ನಾವು ತೋಟಕ್ಕೆ ಹೋಗ್ತೀವಿ ಅಂತ ಹೇಳಿ ಹೋಗೋರು. ನಿನ್ನ ಕಣ್ಣಿಗೆ ಇದಕ್ಕಿಂತ ನೂರು ಪಟ್ಟು ಜಾಸ್ತಿ ಬೀಳತ್ತೆ, ಲಾಗು, ಮೇಲು, ಫೋಟೋ. ಬರವಣಿಗೇಲಿ ಪರ್ಮಿಷನ್ ಇಲ್ದೆ ಯಾರ ಸಿಸ್ಟಮ್ಮಿಗೂ ಕೈ ಹಾಕ್ಬೇಡ, ಕಾಲೇಜಿನ ವೈಫೈ ಮೇಲೂ ಬೇಡ, ಲೆಕ್ಚರರ್ ಬಾಯಲ್ಲಿ ಹೂಂ ಅಂದ್ರೂ ಸಾಲ್ದು. ನೆಂಟರಿಗೆ ಹೇಳೋಕೆ ಮುಜುಗರ ಆದ್ರೆ ಅಪ್ಪ ಬೈತಾರೆ ಅನ್ನು, ಆ ಅಪವಾದ ನನ್ನ ಮೇಲಿರ್ಲಿ.

ಶನಿವಾರ ಚಿಕ್ಕಪ್ಪ ಅಡಿಕೆ ತಗೊಂಡು ಶಿವಮೊಗ್ಗ ಮಂಡಿಗೆ ಬರ್ತಾನೆ, ಹಾಸ್ಟೆಲ್ ಹತ್ರ ಕೊಟ್ಟು ಹೋಗ್ತಾನೆ. ಚೀಲದಲ್ಲಿ ಒಂದು ಕ್ರಿಂಪಿಂಗ್ ಟೂಲ್, ಟೆಸ್ಟರ್, ಒಂದು ಪ್ಯಾಕೆಟ್ ಆರ್‌ಜೆ 45 ಕನೆಕ್ಟರ್, ಕೇಬಲ್ ಒಂದು ಸುತ್ತು. ರೂಮಲ್ಲೇ ಕೂತು ಕೆಡಿಸು, ಖರ್ಚಿನ ಲೆಕ್ಕ ಹಾಕ್ಬೇಡ. ಜೊತೆಗೆ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಕೇಬಲ್ ಮೇಲೆ ಚೆಲ್ಲದ ಹಂಗೆ ಬೇರೆ ಕವರಲ್ಲಿ ಹಾಕಿದೀನಿ. ದೀಪಾವಳಿಗೆ ಬಂದಾಗ ನಮ್ಮನೆ ರೂಟರ್ ಒಂದು ನೋಡು, ಹಾಕಿ ಹೋದವ್ನು ಇಟ್ಟ ಅಡ್ಮಿನ್ ಪಾಸ್‌ವರ್ಡೇ ಇದೆ. ವೈಫೈ ಪಾಸ್‌ವರ್ಡೂ ಬದಲಾಯಿಸ್ಬೇಕು, ಪಕ್ಕದ್ಮನೆ ಹುಡುಗ ನಮ್ಮ ನೆಟ್ಟಲ್ಲೇ ಕ್ರಿಕೆಟ್ ನೋಡ್ತಾನೆ ಅಂತ ನಂಗೆ ಅನುಮಾನ. ಅಮ್ಮನ ಹತ್ರ ಕೇಳ್ಬೇಡ, ಕೊಟ್ಟಿದ್ದು ಅವ್ಳೇ ಇರ್ಬೇಕು.

ನಿನ್ನ
ಅಪ್ಪ